ಅಂಕಿತವೂ ಕಾವ್ಯನಾಮವೂ

ಗ್ರಂಥವೊಂದು ಕೈಗೆ ಬಂದೊಡನೆ ವಾಚಕರ ದೃಷ್ಟಿ ಮೊದಲು ಅದರ ಹೆಸರಿನ ಮೇಲೂ ಅನಂತರ ಬರೆದವರ ಹೆಸರಿನ ಮೇಲೂ ಹರಿಯುವುದು ಸಹಜ. ಈ ಎರಡನೆಯ ಹೆಸರು ತೊಟ್ಟಿಲಲ್ಲಿಟ್ಟು ಕರೆದ ಹೆಸರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಅಂಬಿಕಾತನಯದತ್ತ, ಶ್ರೀರಂಗ, ಆನಂದಕಂದ, ಚದುರಂಗ, ನಿರಂಜನ, ತ್ರಿವೇಣಿ ಮೊದಲಾದವರನ್ನು ಕನ್ನಡಿಗರು ಈ ಹೆಸರುಗಳಿಂದ ಬಲ್ಲರು. ಅವರವರ ಬೀದಿಯ ಅಂಚೆಯವನು ಮಾತ್ರ ಬೇರೆ ಹೆಸರುಗಳಿಂದ ಬಲ್ಲವನಾಗಿದ್ದನು. ಹೆಸರನ್ನು ಮರೆಸಿ ಬರೆಯುವುದು ಅಳುಕಿನ ಲಕ್ಷಣವೆಂದು ಹೇಳುವವರುಂಟು. ಕಾವ್ಯನಾಮವಿಲ್ಲದವನು ಕವಿಯೇ ಅಲ್ಲವೆಂದು ಭಾವಿಸಿ, ನಾಲ್ಕು ಪದ್ಯಗಳನ್ನು ಬರೆಯುವುದಕ್ಕೆ ಮೊದಲೇ ‘ಪ್ರಿಯ’, ‘ಸುತ’, ‘ತನಯ’ಗಳಿಂದ ಕೊನೆಗೊಳ್ಳುವ ಹೆಸರೊಂದನ್ನು ಹೊಂದಿಸಿಕೊಳ್ಳುವ ತರುಣರೂ ಉಂಟು. ಈ ಎರಡು ಅಭಿಪ್ರಾಯಗಳೂ ವಿಷಯದ ಹೊರಮೈಯನ್ನು ಮಾತ್ರ ಮುಟ್ಟುವಂಥವು. ‘ಈ ಮಾತು ಯಾರದು?’ ಎಂಬ ಪ್ರಶ್ನೆಗೆ ಬರೆದವನು ಕೊಡುವ ಉತ್ತರವೇ ಆತನು ಕೃತಿಯ ಮೇಲೆ ಹಾಕುವ ಹೆಸರು. ಉತ್ತರ ಬೇರೆಯಾದಂತೆ ಹೆಸರೂ ಬೇರೆಯಾಗುತ್ತದೆ.

ಇದನ್ನು ವಿವೇಚಿಸಲು ದೂರ ಹೋಗಬೇಕಾದುದಿಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿಯೇ ಇದಕ್ಕೆ ಬೇಕಾದ ನಿದರ್ಶನಗಳಲ್ಲಿ ಹಲವು ದೊರೆಯುತ್ತವೆ. ಆದರೆ ಅದಕ್ಕೆ ಮೊದಲು ಅಂಕಿತಕ್ಕೂ ಕಾವ್ಯನಾಮಕ್ಕೂ ಇರುವ ಭೇದವನ್ನು ಅರಿಯಬೇಕು. ಅಂಕ ಎಂದರೆ ಗುರುತು. ಅಂಕಿತ ಎಂದರೆ ಗುರುತು ಹಾಕಿದ್ದು. ಕಾವ್ಯನಾಮವು ಬರೆದವನನ್ನು ಸೂಚಿಸುವ ಹೆಸರು. ಅಂಕಿತವಾದರೋ ಬರೆದವನನ್ನು ನೇರವಾಗಿ ಸೂಚಿಸದೆ, ಆತನ ಮಾತು ಯಾರಿಗೆ ಸಂದಿತೋ ಆ ದೈವವನ್ನು ಹೆಸರಿಸುತ್ತದೆ. ಮೊದಲನೆಯದು ಮುಖಪುಟದ ಮೇಲೆ ಇರತಕ್ಕದ್ದು. ಎರಡನೆಯದು ಮಾತಿನ ಒಡಲೊಳಗೇ ಸೇರಿರತಕ್ಕದ್ದು. ಅದನ್ನು ತೆಗೆದರೆ ಮಾತೇ ಮುಕ್ಕಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ಅಂಕಿತ ಪದ್ಧತಿಯನ್ನು ಬಳಸಿದ ಬಗೆ ಸೋಜಿಗವನ್ನುಂಟುಮಾಡುವಂಥದು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುದೇವರಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯ ಸಿದ್ಧರಾಮರಿಗೆ ಕಪಿಲಸಿದ್ಧಮಲ್ಲಿಕಾರ್ಜುನ. ಇವು ಮಕ್ಕಳಿಗೂ ತಿಳಿದವು. ಇಲ್ಲಿ ನುಡಿದವರು ತಮ್ಮ ಹೆಸರನ್ನು ಅಡಗಿಸಿದರೆಂಬುದು ನಿಜ, ಆದರೆ ಅಡಗಿಕೊಳ್ಳಲಿಲ್ಲ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೇ ಎದುರಿಗೆ ನಿಂತಂತಾಗುತ್ತದೆ. ತನ್ನ ಹೆಸರನ್ನು ಬಿಟ್ಟುಕೊಟ್ಟ ಮೇಲೂ ತನ್ನತನ ಉಳಿಯುವ ಈ ಬಗೆಯನ್ನು ಬೇರೆ ನಾಡುಗಳ ಗುಪ್ತನಾಮಗಳೊಡನೆ ಹೋಲಿಸಲಾಗದು.

ಈ ಪದ್ಧತಿಯೊಳಗೇ ಮನಸೆಳೆಯುವ ಅಪವಾದಗಳಿವೆ. ಅಂಬಿಗರ ಚೌಡಯ್ಯನು ಯಾವ ದೈವದ ಹೆಸರನ್ನೂ ಅಂಕಿತವಾಗಿ ಇಟ್ಟುಕೊಳ್ಳದೆ ತನ್ನ ಕಾಯಕವನ್ನೂ ಹೆಸರನ್ನೂ ಕೂಡಿಸಿ ‘ಅಂಬಿಗರ ಚೌಡಯ್ಯ’ ಎಂದೇ ವಚನಗಳನ್ನು ಮುಗಿಸಿದನು. ಮಾತಿನ ಹೊಣೆಯನ್ನು ತಾನೇ ಹೊತ್ತುಕೊಂಡ ನಿಷ್ಠುರತೆ ಇದು. ಆತನ ವಚನಗಳ ಕಟುತ್ವಕ್ಕೆ ತಕ್ಕುದಾಗಿಯೇ ಇದೆ. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಚಮ್ಮಾರಿಕೆಯ ಉಳಿ, ಕತ್ತಿ, ಅಡಿಗುಂಟಗಳೇ ಬಂದು ಕುಳಿತಿವೆ. ಕಾಯಕದ ಉಪಕರಣಗಳು ದೈವನಾಮದೊಡನೆ ಸಮನಾಗಿ ನಿಂತದ್ದು ಆ ಕಾಲದ ಸಾಮಾಜಿಕ ಕ್ರಾಂತಿಯನ್ನು ದೊಡ್ಡ ವ್ಯಾಖ್ಯಾನಗಳಿಗಿಂತ ಚೆನ್ನಾಗಿ ತಿಳಿಸುತ್ತದೆ. ಶರಣೆಯರ ಅಂಕಿತಗಳಲ್ಲಿ ಇನ್ನೊಂದು ವಿಶೇಷ ಕಾಣುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಆತನ ಸತಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ಹೆಸರು ದೈವದ ಹೆಸರಿಗೆ ಬಾಗಿಲಾಯಿತು. ಹಾಗೆಂದು ಲಕ್ಕಮ್ಮ ಪತಿಯ ನೆರಳಿನಲ್ಲಿ ನಿಂತವಳಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಹಿಂದಿರುಗಿಸಿ ಕಳುಹಿಸಿದವಳು ಅವಳೇ.

ಅಂಕಿತದ ಉಪಯೋಗ ಎಷ್ಟೆಂಬುದು ವಚನಗಳು ಅಚ್ಚಿಗೆ ಬಂದ ಕಾಲಕ್ಕೆ ತಿಳಿಯಿತು. ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಮನೆಮನೆಯಿಂದ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಯಾವ ವಚನ ಯಾರದೆಂದು ವಿಂಗಡಿಸಲು ಸಂಪಾದಕರಿಗೆ ಅಂಕಿತವೇ ಮುಖ್ಯ ಆಧಾರ. ಕರ್ನಾಟಕ ಸರಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿದಾಗಲೂ ಈ ಆಧಾರವೇ ನಡೆಯಿತು. ಅಂಕಿತವಿದ್ದೂ ಅದರ ಒಡೆಯನ ಹೆಸರು ಅಳಿದುಹೋದ ವಚನಗಳೂ ಇವೆ. ಅವುಗಳ ಕರ್ತೃಗಳು ಅಜ್ಞಾತರೆಂದೇ ಎಣಿಸಲ್ಪಟ್ಟಿದ್ದಾರೆ. ಅಂಕಿತವನ್ನು ಬದಲಿಸಿದರೆ ಏನಾಗುತ್ತದೆಂಬುದಕ್ಕೂ ಇತ್ತೀಚಿನ ನಿದರ್ಶನವಿದೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂದಿದ್ದ ಕಡೆ ‘ಲಿಂಗದೇವ’ ಎಂದು ಮಾಡಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ ಎಂಬ ಗ್ರಂಥವನ್ನು ರಾಜ್ಯ ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಒಂದೇ ಒಂದು ಪದದ ಪ್ರಶ್ನೆ ಅಷ್ಟು ವರ್ಷ ನ್ಯಾಯಪೀಠಗಳ ಮುಂದೆ ನಿಂತದ್ದನ್ನು ನೋಡಿದರೆ, ಅಂಕಿತವನ್ನು ಬರಿಯ ಸಹಿಯೆಂದು ತಿಳಿಯುವವರು ಎಡವುತ್ತಾರೆಂಬುದು ಸ್ಪಷ್ಟ.

ನುಡಿದವನು ಹಿಂದೆ ಸರಿದು ದೈವವನ್ನು ಮುಂದೆ ನಿಲ್ಲಿಸುವ ಈ ಕ್ರಮ ಗ್ರಂಥಗಳಿಗಷ್ಟೇ ಸೀಮಿತವಾದುದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಅದು ಇಂದಿಗೂ ಕಣ್ಣೆದುರಿಗೆ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ನೆರೆದ ಜನಸಮೂಹ ಮೌನ ತಾಳುವುದು; ಆತನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಗೆ ಬೀಳುವನು. ಆ ವಾಕ್ಯವನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹೊಂದಿಸಿ ಅರ್ಥ ಹೇಳುವವರು ಸಾವಿರಾರು ಮಂದಿ. ಆದರೆ ಅದನ್ನು ಗೊರವಯ್ಯನ ಮಾತೆಂದು ಯಾರೂ ಹೇಳರು. ಮೈಲಾರಲಿಂಗನ ಕಾರಣಿಕವೆಂದೇ ಹೇಳುವರು. ಆಡಿದವನಿಗೆ ಕೀರ್ತಿಯೂ ಇಲ್ಲ, ನಿಂದೆಯೂ ಇಲ್ಲ. ಅಂಕಿತದ ತತ್ತ್ವ ತಿಳಿಯದ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಪಾಠ ದೊರೆಯಲಾರದು.

ದಾಸರಲ್ಲಿ ಅಂಕಿತವನ್ನು ತಾನಾಗಿ ಇಟ್ಟುಕೊಳ್ಳುವಂತಿಲ್ಲ, ಗುರುವಿನಿಂದ ಪಡೆಯಬೇಕು. ಅಂಕಿತ ಪಡೆದವನು ಮಾತ್ರ ಹಾಡು ಕಟ್ಟಲು ಅಧಿಕಾರಿ. ಹೀಗಿರಲಾಗಿ ಸ್ತ್ರೀಯೊಬ್ಬಳು, ಅದರಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಗೃಹಿಣಿಯೊಬ್ಬಳು, ಈ ಅಧಿಕಾರವನ್ನು ಪಡೆದ ಬಗೆ ಹೇಗೆ? ಹರಪನಹಳ್ಳಿಯ ಭೀಮವ್ವನವರ (1823-1903) ಜೀವನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈಗ ತುಂಗಭದ್ರಾ ಜಲಾಶಯದ ನೀರಿನಲ್ಲಿ ಮುಳುಗಿರುವ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಹರಪನಹಳ್ಳಿಯನ್ನು ಸೇರಿದ ಈ ಸಾಧ್ವಿಗೆ ಸ್ವಪ್ನದಲ್ಲಿ ಉಪದೇಶವಾಯಿತೆಂಬುದು ಭಕ್ತರ ಪ್ರತೀತಿ. ವಿಜಯದಾಸರಿಗೆ ಪುರಂದರದಾಸರು ಕನಸಿನಲ್ಲಿ ಅಂಕಿತವಿತ್ತರೆಂಬ ಪ್ರಸಿದ್ಧ ಐತಿಹ್ಯವೂ ಇದೇ ಬಗೆಯದು. ಲೌಕಿಕವಾಗಿ ಮುಚ್ಚಿದ್ದ ಬಾಗಿಲು ಕನಸಿನಲ್ಲಿ ತೆರೆಯಿತು. ಭೀಮವ್ವನವರ ಅಂಕಿತ ‘ಭೀಮೇಶಕೃಷ್ಣ’. ಅದನ್ನು ತುಸು ನಿಧಾನಿಸಿ ಓದಬೇಕು: ದೈವದ ಹೆಸರಿನ ಮೊದಲಲ್ಲಿಯೇ ಆಕೆಯ ಹೆಸರೂ ಅಡಗಿದೆ. ಹಸೆಯ ಮುಂದೆ, ತೊಟ್ಟಿಲ ಬಳಿಯಲ್ಲಿ, ಶುಕ್ರವಾರದ ಪೂಜೆಯಲ್ಲಿ ಈ ಹಾಡುಗಳನ್ನು ಹಾಡುವ ಹೆಂಗಳೆಯರಲ್ಲಿ ಎಷ್ಟೋ ಮಂದಿಗೆ ಭೀಮವ್ವ ಯಾರೆಂದು ತಿಳಿದಿರಲಿಕ್ಕಿಲ್ಲ. ಅಂಕಿತ ಬಂದ ಕೂಡಲೇ ಕೈ ಮುಗಿಯುವ ಅವರು ಅರಿಯದೆಯೇ ಆಕೆಯ ಹೆಸರನ್ನೂ ಉಚ್ಚರಿಸಿರುತ್ತಾರೆ.

ಹೆಸರೇ ಇಲ್ಲದೆ ಹೋದರೆ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯು ಒಂದು ಕಾಲಕ್ಕೆ ಕೋಗಳಿನಾಡೆಂಬ ಸೀಮೆಗೆ ಕೇಂದ್ರವಾಗಿದ್ದ ಊರು. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯನ್ನು ರಚಿಸಿದವರು ಈ ಸೀಮೆಯವರೆಂದು ವಿದ್ವಾಂಸರಲ್ಲಿ ಒಂದು ಊಹೆ ಬಹುಕಾಲದಿಂದ ಇದೆ. ಕನ್ನಡ ಗದ್ಯದ ಆದಿಗ್ರಂಥಗಳಲ್ಲಿ ಒಂದಾದ ಇದರ ಕರ್ತೃವು ಶಿವಕೋಟ್ಯಾಚಾರ್ಯನೆಂಬುದು ರೂಢಿಯ ಮಾತು. ಭ್ರಾಜಿಷ್ಣುವೆಂಬುದು ಮತ್ತೊಂದು ಪಕ್ಷ. ಗ್ರಂಥದ ಹೆಸರಿನ ಬಗೆಗೂ ಭಿನ್ನಾಭಿಪ್ರಾಯಗಳಿವೆ. ತನ್ನ ಪರಿಚಯವನ್ನು ಕರ್ತೃವು ನಾಲ್ಕು ಮಾತುಗಳಲ್ಲಿ ಬರೆದಿಟ್ಟಿದ್ದರೆ ವಿದ್ವಾಂಸರ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತಿತ್ತು. ‘ಕವಿರಾಜಮಾರ್ಗ’ದ ಗತಿಯೂ ಹೀಗೆಯೇ ಆಯಿತು. ಶ್ರೀವಿಜಯನ ಕೃತಿಯನ್ನು ರಾಜನಾದ ನೃಪತುಂಗನದೆಂದು ಬಹುಕಾಲ ಪಾಠ ಹೇಳಲಾಯಿತು. ಕೂಡ್ಲಿಗಿಯ ಕಡೆಯ ಮ್ಯಾಸಬೇಡರ ಗಾದರಿಪಾಲನಾಯಕನ ಕಥೆಯನ್ನಾಗಲಿ ಗೊಲ್ಲರ ಜುಂಜಪ್ಪನ ಕಾವ್ಯವನ್ನಾಗಲಿ ಮೊದಲು ಕಟ್ಟಿದವರು ಯಾರೆಂದು ಕೇಳುವುದೇ ವ್ಯರ್ಥ. ಅಲ್ಲಿ ಹಾಡಿನ ಒಡೆತನ ಹಟ್ಟಿಗೆ ಸೇರಿದ್ದು. ಹಾಡುಗಾರನು ಅದನ್ನು ಮುಂದಿನವನಿಗೆ ದಾಟಿಸುವವನು ಮಾತ್ರ.

ಇನ್ನು ಬೇಕೆಂದೇ ಹೆಸರನ್ನು ಮರೆಸಿದವರ ಮಾತು. ಇವರಲ್ಲಿ ನಂದಳಿಕೆಯ ಲಕ್ಷ್ಮೀನಾರಣಪ್ಪನವರ (1870-1901) ಕಥೆ ಅತ್ಯಂತ ಕರುಣಾಜನಕವಾದುದು. ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಅಂಗಸಾಧನೆ ಕಲಿಸುತ್ತಿದ್ದ ಈ ಬಡ ಉಪಾಧ್ಯಾಯರು ಹಳಗನ್ನಡದ ಹದವನ್ನು ಪೂರ್ಣವಾಗಿ ಅರಿತಿದ್ದರು. 1895ರಲ್ಲಿ ‘ಅದ್ಭುತ ರಾಮಾಯಣ’ವನ್ನು ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸುವಾಗ ಅದನ್ನು ತಮ್ಮದೆಂದು ಹೇಳದೆ, ಮುದ್ದಣನೆಂಬ ಹಳೆಯ ಕವಿಯ ಓಲೆಯ ಪ್ರತಿ ದೊರೆಯಿತೆಂದು ಬರೆದರು. ಸಂಪಾದಕರು ನಂಬಿದರು, ಪಂಡಿತರು ತಲೆದೂಗಿದರು. ‘ರಾಮಾಶ್ವಮೇಧ’ವೂ ಇದೇ ಮಾರ್ಗದಲ್ಲಿ ಬೆಳಕು ಕಂಡಿತು. ಮುದ್ದಣನೂ ಲಕ್ಷ್ಮೀನಾರಣಪ್ಪನೂ ಒಬ್ಬನೇ ಎಂಬುದು ನಾಡಿಗೆಲ್ಲ ತಿಳಿಯುವ ಹೊತ್ತಿಗೆ ಕ್ಷಯರೋಗವು ಅವರನ್ನು ಮೂವತ್ತೊಂದನೆಯ ವಯಸ್ಸಿನಲ್ಲಿಯೇ ಕೊಂಡೊಯ್ದಿತ್ತು. ಹಳೆಯದಾದುದೆಲ್ಲ ಶ್ರೇಷ್ಠ, ಸಮಕಾಲೀನನು ಬರೆದುದೆಲ್ಲ ಹಗುರವೆಂದು ತೂಗುವ ವಿದ್ವತ್ತಿನ ತಕ್ಕಡಿಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಈ ಗುಪ್ತನಾಮದ ದೋಷವನ್ನು ಕವಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಅದು ಆ ತಕ್ಕಡಿಯನ್ನು ಹಿಡಿದವರಿಗೇ ಸಲ್ಲತಕ್ಕದ್ದು.

ಆಳುವವರ ಭಯದಿಂದ ಹೆಸರು ಬದಲಾದುದೂ ಉಂಟು. ಹಿಂದಿಯ ಪ್ರೇಮಚಂದರ ನಿಜವಾದ ಹೆಸರು ಧನಪತರಾಯ್. ಶಾಲಾ ಇಲಾಖೆಯ ನೌಕರರಾಗಿದ್ದ ಅವರು ನವಾಬ್ ರಾಯ್ ಎಂಬ ಹೆಸರಿನಿಂದ 1908ರಲ್ಲಿ ಪ್ರಕಟಿಸಿದ ದೇಶಭಕ್ತಿಯ ಕಥೆಗಳ ಪ್ರತಿಗಳನ್ನು ಬ್ರಿಟಿಷ್ ಅಧಿಕಾರಿಗಳು ಸುಡಿಸಿದರು. 1910ರಿಂದ ಪ್ರೇಮಚಂದ ಎಂಬ ಹೊಸ ಹೆಸರು ಬಂದಿತು. ಇಂಗ್ಲೆಂಡಿನಲ್ಲಿ ಮೇರಿ ಆನ್ ಇವಾನ್ಸ್ ಎಂಬ ಮಹಿಳೆ ಜಾರ್ಜ್ ಎಲಿಯಟ್ ಎಂಬ ಪುರುಷನಾಮದಿಂದ ಕಾದಂಬರಿಗಳನ್ನು ಬರೆದಳು. ಕನ್ನಡದಲ್ಲಿ ಸ್ತ್ರೀಯರು ಪುರುಷನಾಮವನ್ನು ಧರಿಸಿದುದಕ್ಕಿಂತ ಪತಿಯ ಹೆಸರಿನ ಮರೆಯಲ್ಲಿ ನಿಂತುದೇ ಹೆಚ್ಚು ಗಮನಾರ್ಹ. ಕೊಡಗಿನ ಗೌರಮ್ಮನವರ (1912-1939) ಕಥೆಗಳು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬಂದವು. ಅದರಲ್ಲಿ ಅವರದೆಂಬ ಅಕ್ಷರ ಒಂದೂ ಇಲ್ಲ. ಲಕ್ಕಮ್ಮನ ಅಂಕಿತದಲ್ಲಿಯೂ ಪತಿಯ ಹೆಸರಿತ್ತು. ಆದರೆ ಆ ಅಂಕಿತ ಅವಳೊಬ್ಬಳದೇ ಆಗಿತ್ತು. ಗೌರಮ್ಮನವರಿಗೆ ಹೆಸರನ್ನು ಹಿಂದಿರುಗಿಸಿಕೊಟ್ಟವರು ಅವರ ತರುವಾಯದ ಓದುಗರು. ಇವರಿಗೆ ಹಿರಿಯರಾದ ನಂಜನಗೂಡು ತಿರುಮಲಾಂಬಾ ಅವರು ಸ್ವನಾಮದಿಂದಲೇ ಬರೆದು, ಸ್ವತಃ ಪ್ರಕಾಶಕಿಯೂ ಆಗಿದ್ದರೆಂಬುದನ್ನು ನೆನೆದರೆ, ಕಾಲವೊಂದೇ ಕಾರಣವಲ್ಲವೆಂದು ತಿಳಿಯುತ್ತದೆ.

ಬೇಂದ್ರೆಯವರು ಗದ್ಯ ಬರೆದಾಗ ದ. ರಾ. ಬೇಂದ್ರೆ, ಕವಿತೆ ಬರೆದಾಗ ಅಂಬಿಕಾತನಯದತ್ತ. ತಾಯಿಯ ಹೆಸರು ಅಂಬಿಕೆ, ತಮ್ಮ ಹೆಸರು ದತ್ತಾತ್ರೇಯ. ಮೇಲಾಗಿ ‘ದತ್ತ’ ಎಂಬುದಕ್ಕೆ ಕೊಡಲ್ಪಟ್ಟದ್ದು ಎಂಬ ಅರ್ಥವೂ ಇದೆ. ಕವಿತೆ ತಾನು ಮಾಡಿದ್ದಲ್ಲ, ತನಗೆ ಒದಗಿದ್ದು ಎಂಬ ಭಾವ ಈ ಹೆಸರಿನಲ್ಲಿ ಮೈದಳೆದಿದೆ. ಇದು ರೂಪದಲ್ಲಿ ಕಾವ್ಯನಾಮವಾದರೂ ಸ್ವಭಾವದಲ್ಲಿ ಅಂಕಿತ. ಇದನ್ನರಿಯದೆ ಕೇವಲ ‘ತನಯ’ನನ್ನು ಅನುಕರಿಸಿದವರಿಗೆ ಹೆಸರಿನ ಉದ್ದ ಮಾತ್ರ ದಕ್ಕಿತು.

ಹರಪನಹಳ್ಳಿಯ ಇನ್ನೊಂದು ಹೆಸರಿನ ಕಡೆಗೆ ಈಗ ಬರಬಹುದು. ರಾಯಸಂ ಭೀಮಸೇನರಾಯರು 1913ರಲ್ಲಿ ಈ ಊರಿನಲ್ಲಿ ಜನಿಸಿದರು. ಪೊಲೀಸು ಇಲಾಖೆಯಲ್ಲಿ ನೌಕರಿ. ಕನ್ನಡದ ಪುಸ್ತಕಗಳೆಂದರೆ ಮೊದಮೊದಲು ತಾತ್ಸಾರ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕೈಗೆ ಸಿಕ್ಕಿ ಆ ತಾತ್ಸಾರವು ಕರಗಿತೆಂಬುದು ಪ್ರಸಿದ್ಧವಾದ ಸಂಗತಿ. ಇವರೇ ನಾಡನ್ನೆಲ್ಲ ನಗಿಸಿದ ಬೀಚಿ. ‘ರಾಯಸ’ವೆಂದರೆ ಬರವಣಿಗೆ, ರಾಜಪತ್ರ, ಲೇಖಕನಿಗೆ ಇದಕ್ಕಿಂತ ಒಪ್ಪುವ ಮನೆತನದ ಹೆಸರು ಬೇರೊಂದಿರಲಾರದು. ‘ಭೀಮಸೇನ’ನಾದರೋ ಗದೆಯನ್ನು ಹೆಗಲ ಮೇಲಿಟ್ಟು ಬಂದಂತಿದೆ. ಈ ಭಾರವನ್ನೆಲ್ಲ ಕೆಳಗಿಳಿಸಿ ಅವರು ಉಳಿಸಿಕೊಂಡದ್ದು ಎರಡು ಅಕ್ಷರ. ಅದರಲ್ಲಿಯೂ ‘ಭೀ’ ಎಂಬ ಮಹಾಪ್ರಾಣ ಹೋಗಿ ‘ಬೀ’ ಎಂಬ ಅಲ್ಪಪ್ರಾಣ ಉಳಿಯಿತು. ಎರಡನೆಯ ಅಕ್ಷರವನ್ನು ಅವರು ರೋಮನ್ ಲಿಪಿಯಲ್ಲಿಯೇ ಬರೆಯುತ್ತಿದ್ದರು. ಹೀಗಾಗಿ ಅರ್ಧ ಕನ್ನಡ, ಅರ್ಧ ಇಂಗ್ಲಿಷು ಆದ ಸಹಿ ಅದು. ವ್ಯಾಕರಣಜ್ಞರು ಹುಬ್ಬುಗಂಟಿಕ್ಕುವುದು ಸಹಜವೇ. ಆದರೆ ತಮ್ಮ ಕಾಲದ ವಿದ್ಯಾವಂತ ಕನ್ನಡಿಗನ ನಾಲಗೆಯ ಸ್ಥಿತಿಯನ್ನು ಎರಡೇ ಅಕ್ಷರಗಳಲ್ಲಿ ತೋರಿಸಿದ ಹಾಸ್ಯ ಅದು. ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ನಗೆ ಪ್ರಾರಂಭವಾಗುತ್ತಿತ್ತು. ಅದೂ ಸಾಲದೆಂಬಂತೆ ಹೇಳಬೇಕಾದ ಹರಿತವಾದ ಮಾತನ್ನೆಲ್ಲ ತಿಮ್ಮನೆಂಬ ಮುಗ್ಧನ ಬಾಯಿಯಲ್ಲಿ ಆಡಿಸಿದರು. ಭೀಮಸೇನರಾಯರ ಮುಂದೆ ಬೀಚಿ, ಬೀಚಿಯ ಮುಂದೆ ತಿಮ್ಮ. ಎರಡು ತೆರೆಗಳ ಹಿಂದೆ ನಿಂತು ಸಮಾಜವನ್ನು ಚುಚ್ಚಿದ ಈ ಲೇಖಕರು ಜೀವನಚರಿತ್ರೆಯನ್ನು ಮಾತ್ರ ‘ನನ್ನ ಭಯಾಗ್ರಫಿ’ ಎಂದು ಕರೆದು ಒಳಗಿನ ಭಯವನ್ನೂ ನಗೆಯಾಗಿಯೇ ಹೊರಗಿಟ್ಟರು. 1980ರಲ್ಲಿ ತೀರಿಕೊಂಡ ಅವರನ್ನು ರಾಯಸಂ ಭೀಮಸೇನರಾಯರೆಂದು ಕರೆದರೆ ಇಂದು ಅವರ ಓದುಗರಲ್ಲಿಯೇ ಹಲವರಿಗೆ ಗುರುತು ಹತ್ತಲಾರದು. ಒಂದೇ ಊರಿನ ಭೀಮವ್ವನವರು ತಮ್ಮ ಭೀಮನನ್ನು ದೈವದ ಹೆಸರಿನೊಳಗೆ ಸೇರಿಸಿದರು. ಭೀಮಸೇನರಾಯರು ತಮ್ಮ ಭೀಮನ ಪ್ರಾಣವನ್ನೇ ಅಲ್ಪವಾಗಿಸಿದರು. ಭಕ್ತಿಗೂ ಹಾಸ್ಯಕ್ಕೂ ಇರುವ ದಾರಿಗಳು ಇಷ್ಟು ಬೇರೆ.

ಹೆಸರನ್ನು ಮೊಟಕುಗೊಳಿಸುವ ರೂಢಿ ನವೋದಯ ಕಾಲದಿಂದ ಬಂದುದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು ಆದರು, ಪು.ತಿ.ನ., ತೀ.ನಂ.ಶ್ರೀ., ಅ.ನ.ಕೃ. ಇವರೆಲ್ಲರೂ ಅದೇ ಸಾಲಿನವರು. ಇಲ್ಲಿ ಮರೆಸುವುದೇನೂ ಇಲ್ಲ. ಹೆಚ್ಚಾಗಿ ಊರು, ತಂದೆ, ತಾನು ಎಂಬ ಮೂರನ್ನೂ ಒಂದು ಉಸಿರಿನಲ್ಲಿ ಹೇಳುವ ಸೌಲಭ್ಯವಷ್ಟೆ. 1953ರಲ್ಲಿ ಕೊಟ್ಟೂರಿನಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರು ‘ಕುಂವೀ’ ಎಂದೇ ಖ್ಯಾತರು. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮೇಲೆ ಹೇಳಿದವರಲ್ಲಿ ಹೆಚ್ಚಿನವರ ಮೊದಲಕ್ಷರಗಳು ಊರನ್ನೋ ತಂದೆಯನ್ನೋ ಸೂಚಿಸಿದರೆ ಇವರ ‘ಕುಂ’ ಸೂಚಿಸುವುದು ಕುಂಬಾರ ಎಂಬುದನ್ನು. ಈ ಸೀಮೆಯಲ್ಲಿ ಕಸುಬಿನ ಹೆಸರು ಮನುಷ್ಯನ ಹೆಸರಿಗಿಂತ ಮುಂದೆ ನಡೆಯುವುದು ವಾಡಿಕೆ. ಪೇಟೆಗೆ ಹೋಗಿ ಓದಿದವರು ಅನೇಕರು ಅದನ್ನು ದಾರಿಯಲ್ಲಿಯೇ ಬಿಟ್ಟುಬಿಡುತ್ತಾರೆ. ಚೌಡಯ್ಯನು ಅಂಬಿಗ ಎಂಬುದನ್ನು ಬಿಡದೆ ಉಳಿಸಿಕೊಂಡಂತೆ ಇವರೂ ಅದನ್ನು ಒಂದಕ್ಷರದಲ್ಲಿ ಉಳಿಸಿಕೊಂಡರು.

ಮೊಟಕನ್ನೂ ಮಾಡದೆ, ಬದಲಿಸಲೂ ಬದಲಿಸದೆ ಇದ್ದ ಹೆಸರಿನಲ್ಲಿಯೇ ಬರೆದವರು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು. ನಾಟಕ, ಜಾನಪದ, ಸಂಶೋಧನೆ ಯಾವುದಕ್ಕೂ ಅವರಿಗೆ ಬೇರೊಂದು ಹೆಸರು ಬೇಕಾಗಲಿಲ್ಲ. ತಮ್ಮ ಊರಿನವರ ಬಾಯಿಯಲ್ಲಿದ್ದ ಮಾತುಗಳನ್ನು ಆಯ್ದು ಅವರು ಸಿದ್ಧಪಡಿಸಿದ ನಿಘಂಟಿನ ಹೆಸರು ‘ಚಿಗಟೇರಿ ಪದಕೋಶ’. ಒಕ್ಕಲುತನದವರು, ಕುರಿಗಾರರು, ನೇಕಾರರು, ಅಡುಗೆ ಮನೆಯ ಅವ್ವಂದಿರು ಆಡಿದ ಪದಗಳಿಗೆ ಒಬ್ಬೊಬ್ಬರ ಹೆಸರನ್ನು ಬರೆಯುವುದು ಸಾಧ್ಯವಿರಲಿಲ್ಲ. ಆದುದರಿಂದ ಮುಖಪುಟದ ಮೇಲೆ ಅವರೆಲ್ಲರ ಪರವಾಗಿ ಊರಿನ ಹೆಸರು, ಅದರ ಕೆಳಗೆ ಸಂಗಣ್ಣನವರ ಹೆಸರು.